ನಿಮ್ಮಲ್ಲಿ ದ್ವಂದ್ವ ಸಿಗುತ್ತದೆಯೇ?

ಬೆಂಗಳೂರಿನಿಂದ ಕಾದಂಬರಿಕಾರರೊಬ್ಬರು ಫೋನ್ ಮಾಡಿದ್ದರು. ಹೆಸರು ಬೇಡ. ಅವರ ಪುಸ್ತಕ ಬಿಡುಗಡೆಯ ಫೋಟೊ ನೀವೂ ನೋಡಿದ್ದೀರಿ: ಕಪ್ಪು ಅಂಗಿ, ಕಪ್ಪು ಮುಖಪುಟ, ವೇದಿಕೆಯಲ್ಲಿದ್ದ ಐದೂ ಮಂದಿಗೆ ಹಲ್ಲುನೋವು ಬಂದ ಹಾಗೆ ಮುಖ. ‘ಸರ್, ಮುಂದಿನ ಕಾದಂಬರಿ ಗಡಿನಾಡಿನದ್ದು. ನಾಯಕ ಡಾರ್ಕ್. ಒಳಗೊಳಗೇ ಸೀಳಿಹೋದವನು. ಎರಡು ದಿನ ಕಾಸರಗೋಡಿಗೆ ಬಂದರೆ ನಿಮ್ಮ ಕಡೆ ಅಂಥವರು ಸಿಗುತ್ತಾರೆಯೇ?’ ಎಂದರು. ಕುಂಬಳೆಯಲ್ಲಿ ಒಳ್ಳೆಯ ಬಂಗುಡೆ ಸಿಗುತ್ತದೆಯೇ ಎಂದು ವಿಚಾರಿಸುವವರ ದನಿಯೇ ಅದು. ಬೆಳಗ್ಗೆ ಬೇಗ ಬಂದರೆ ಸಿಗಬಹುದು ಎಂದೆ.

ಬಂದರು. ಆಟಿ ತಿಂಗಳು, ಜಡಿಮಳೆ. ಜಗಲಿಯಲ್ಲಿ ಕುಳಿತು ಅಂಗಳದ ನೀರು ನೋಡುತ್ತಾ ‘ಎಂಥ ವಿಷಾದ!’ ಎಂದು ನಿಟ್ಟುಸಿರುಬಿಟ್ಟರು. ಮಳೆ ಕಂಡರೆ ವಿಷಾದಪಡುವವರು ಎರಡೇ ಜಾತಿ, ಕಥೆಗಾರರು ಮತ್ತು ಅಡಿಕೆಯವರು. ಮೊದಲನೆಯವರಿಗೆ ಒಂದು ಕಿಟಕಿ ಬೇಕು, ಎರಡನೆಯವರಿಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು. ಪಕ್ಕದ ತೋಟದ ಭಾವ ಆ ಹೊತ್ತಿಗೆ ಡ್ರಮ್ಮಿನ ಮುಂದೆ ಸುಣ್ಣನೀರು ಕಲಕುತ್ತಾ ನಿಂತಿದ್ದ, ಮೊಣಕೈವರೆಗೆ ನೀಲಿ. ಮರ ಹತ್ತುವವನು ಹತ್ತು ದಿನದಿಂದ ‘ನಾಳೆ’ ಎನ್ನುತ್ತಿದ್ದಾನೆ. ಕೊಳೆರೋಗ ಮಾತ್ರ ಹೇಳಿದ ದಿನಕ್ಕೆ ಬಂದಿದೆ. ಕಾದಂಬರಿಕಾರರು ಆ ನೀಲಿ ಕೈಯ ಫೋಟೊ ತೆಗೆದು, ‘ಏನು ಯೋಚಿಸುತ್ತಿದ್ದೀರಿ?’ ಎಂದು ಮೆಲ್ಲಗೆ ಕೇಳಿದರು.

‘ಒಡೆದುಹೋಯಿತೋ ಏನೋ ಎಂದು’ ಅಂದ ಭಾವ, ಡ್ರಮ್ಮಿನಿಂದ ಕಣ್ಣೆತ್ತದೆ.

ಕೂಡಲೇ ಡೈರಿ ಹೊರಗೆ ಬಂತು. ಒಡೆದದ್ದು ಮನಸ್ಸಲ್ಲ, ಮೈಲುತುತ್ತಿನ ದ್ರಾವಣ ಎಂದು ಹೇಳುವಷ್ಟು ಕ್ರೂರಿ ನಾನಲ್ಲ.

ಈಗಿನ ಕಥಾನಾಯಕನನ್ನು ನೀವು ಬಲ್ಲಿರಿ. ಹದಿನಾಲ್ಕನೆಯ ಮಹಡಿಯಲ್ಲಿ ಇರುತ್ತಾನೆ. ಏನು ಕೆಲಸವೆಂದು ತಿಳಿಯುವುದಿಲ್ಲ, ಸಂಬಳ ಮಾತ್ರ ತಪ್ಪುವುದಿಲ್ಲ. ಊಟ ಮಾಡಿದ್ದನ್ನು ಯಾರೂ ಕಂಡಿಲ್ಲ. ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಾನೆ, ಆ ಲೋಟವನ್ನು ತೊಳೆಯುವವರು ಯಾವ ಅಧ್ಯಾಯದಲ್ಲೂ ಬರುವುದಿಲ್ಲ. ಮಾತನಾಡಬೇಕಾದ ಕಡೆ ಮೂರು ಚುಕ್ಕಿ ಇಟ್ಟು ಸುಮ್ಮನಾಗುತ್ತಾನೆ. ಇನ್ನೂರನೆಯ ಪುಟದ ಆಸುಪಾಸಿನಲ್ಲಿ ಹೆಂಡತಿಗೆ ಹೊಡೆಯುತ್ತಾನೆ, ಮುಂದಿನ ಅಧ್ಯಾಯದಲ್ಲಿ ಅವನ ಬಾಲ್ಯ. ಅಪ್ಪ ಜಾತ್ರೆಯಲ್ಲಿ ಬಲೂನು ಕೊಡಿಸಿರಲಿಲ್ಲ. ನಮ್ಮ ಅಪ್ಪಂದಿರೂ ಕೊಡಿಸಿರಲಿಲ್ಲ. ಆ ಲೆಕ್ಕದಲ್ಲಿ ಎಣ್ಮಕಜೆಯಿಂದ ಮಂಜೇಶ್ವರದವರೆಗೆ ಒಂದು ಮನೆಯೂ ಉಳಿಯಬಾರದಿತ್ತು.

ಕತ್ತಲೆಯ ಪಾತ್ರ ನಮಗೆ ಹೊಸದೇ? ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು ನಾವು. ನಮ್ಮ ಕಡೆಯ ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ ಕಟ್ಟುವುದನ್ನು ಚೌಕಿಯ ಬಣ್ಣದ ಕೋಣೆಯಲ್ಲಿ ಕುಳಿತು ಒಮ್ಮೆ ನೋಡಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯ ತುದಿಯಲ್ಲಿ ಅದ್ದಿ, ಮುಖದ ಮೇಲೆ ಚುಕ್ಕಿಯ ಪಕ್ಕ ಚುಕ್ಕಿಯಾಗಿ ಚಿಟ್ಟಿ ಇಡುತ್ತಾರೆ. ಅದು ಒಣಗಬೇಕು, ಮೇಲೆ ಇನ್ನೊಂದು ಸುತ್ತು, ಮತ್ತೆ ಒಣಗಬೇಕು. ಕಲಾವಿದ ನಗುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ಚಾ ಕೊಟ್ಟರೆ ಕುಡಿಯಲೂ ಕಷ್ಟ. ಒಬ್ಬ ರಾಕ್ಷಸನಾಗಲು ಗಂಟೆಗಟ್ಟಲೆ ಬೇಕು. ಕಾದಂಬರಿಯ ರಾಕ್ಷಸನಿಗೆ ಒಂದು ಬಲೂನು ಸಾಕು.

ವೇಷವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಆ ಬಣ್ಣವೂ ಇಲ್ಲ. ಬಿಳಿ ಪಂಚೆ, ಶಾಲು, ಮುಂದೆ ಒಂದು ಮೈಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು, ರಾವಣನನ್ನು ಕೇಳಿದವರು ಈಗಲೂ ನಮ್ಮ ಕಡೆ ಇದ್ದಾರೆ. ರಾಮ ಒಂದು ಪ್ರಶ್ನೆ ಕೇಳಿದರೆ ಬಾಣ ನೆಟ್ಟ ವಾಲಿ ನಾಲ್ಕು ಮರುಪ್ರಶ್ನೆ ಎಸೆಯಬೇಕು. ಅಲ್ಲಿ ಮೂರು ಚುಕ್ಕಿ ಇಟ್ಟು ಕುಳಿತರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ, ಕಥೆ ಮುಗಿಯಿತು.

ಇನ್ನು ವಿಧಿ ಬೇರ್ಪಡಿಸಿದ ಪ್ರೇಮಿಗಳು. ಅವರಿಗೆ ಏನು ಅಡ್ಡಿಯೆಂದು ಕೇಳಿದೆ. ‘ಅಸ್ತಿತ್ವ’ ಎಂದರು ಕಾದಂಬರಿಕಾರರು. ಭಾವನ ಮಗನಿಗೆ ಮೂವತ್ತೆಂಟು. ಮೂವತ್ತಾರಕ್ಕೆ ಮೂವತ್ತೆರಡು ಗುಣ ಕೂಡಿದ ಜಾತಕ ಎರಡು ಬಂದಿದ್ದವು. ಹುಡುಗ ಅಡಿಕೆತೋಟ ನೋಡಿಕೊಂಡು ಮನೆಯಲ್ಲೇ ಇರುತ್ತಾನೆ ಎಂದು ತಿಳಿದ ಮೇಲೆ ನಕ್ಷತ್ರಗಳೇ ಎದ್ದುಹೋದವು. ಹಾಗೆ ನೋಡಿದರೆ ನಮ್ಮದೇ ದೊಡ್ಡ ಪ್ರೇಮಕಥೆ. 1956ರ ನವೆಂಬರ್ 1ರಂದು ಹಾಸಿಗೆಯಿಂದ ಏಳದೆಯೇ ಕೇರಳ ಸೇರಿದೆವು. ಚಂದ್ರಗಿರಿ ಹೊಳೆಯ ಬಡಗುಭಾಗ ಕರ್ನಾಟಕಕ್ಕೆ ಸಲ್ಲಬೇಕು ಎಂದು ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಜಾತಕ ಕೂಡಿಸಿ ಬರೆದುಕೊಟ್ಟಿತು. ಮುಹೂರ್ತ ಇನ್ನೂ ಬಂದಿಲ್ಲ. ಹುಡುಗನ ಕಡೆಯವರು ಪ್ರತಿ ನವೆಂಬರಿನಲ್ಲಿ ವೇದಿಕೆ ಹತ್ತಿ ಕಣ್ಣೊರೆಸಿಕೊಂಡು ಇಳಿಯುತ್ತಾರೆ.

ಊಟದ ಮೇಲೆ ಅವರು ಅಸ್ಮಿತೆಯ ಬಿಕ್ಕಟ್ಟಿನ ಬಗ್ಗೆ ಕೇಳಿದರು. ಅದಕ್ಕೆ ನಮ್ಮಲ್ಲಿ ಔಷಧವಿದೆ ಎಂದೆ. ಭಾವನ ತಂದೆಯ ಹೆಸರು ಹಳೆಯ ಜಾಗದ ಕಾಗದದಲ್ಲಿ ಈಶ್ವರ ಭಟ್ಟ, ರೇಷನ್ ಕಾರ್ಡಿನಲ್ಲಿ ಈಶ್ವರನ್, ಬ್ಯಾಂಕಿನಲ್ಲಿ ಈಶ್ವರ ಬಟ್. ಮೂವರೂ ಒಬ್ಬರೇ ಎಂದು ವಿಲ್ಲೇಜ್ ಆಫೀಸಿನಿಂದ ಬರೆಸಿಕೊಳ್ಳಬೇಕು. ‘ಒನ್ ಆಂಡ್ ಸೇಮ್’ ಸರ್ಟಿಫಿಕೇಟು ಎಂದೇ ಅದರ ಹೆಸರು. ಜಗತ್ತಿನ ಸೀಳಿದ ನಾಯಕರನ್ನೆಲ್ಲ ಸಾಲಾಗಿ ಇಲ್ಲಿಗೆ ಕಳಿಸಿದರೆ ಒಂದು ಮುದ್ರೆಯಲ್ಲಿ ಹೊಲಿದು ಕಳಿಸಬಹುದು. ಭಾವನಿಗೆ ಮೂರನೆಯ ಸಲ ಹೋದಾಗ ಅದು ಸಿಕ್ಕಿತು. ಅದರಲ್ಲಿ ಅವನ ತಂದೆ ನಾಲ್ಕನೆಯ ಹೆಸರಿನಲ್ಲಿದ್ದಾರೆ.

ಅವರು ನಕ್ಕರು. ನಾನೂ ನಕ್ಕೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ‘ನಾಳೆ ಎಂಡೋಸಲ್ಫಾನ್ ಊರಿಗೆ ಹೋಗೋಣ ಸರ್. ಒಂದು ಅಧ್ಯಾಯಕ್ಕೆ. ಬರೀ ಹಿನ್ನೆಲೆಗೆ’ ಎಂದರು.

ಹಿನ್ನೆಲೆಗೆ. ಸರಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರು ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷ ಸುರಿಯಿತು. ಕೆಳಗೆ ಬಾವಿಗಳಿದ್ದವು, ಅಂಗಳದಲ್ಲಿ ಆಡುವ ಮಕ್ಕಳಿದ್ದರು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು, ಮೂರು ತಿಂಗಳ ಗಡುವು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಕೇಳಿದಾಗ, 3,704 ಮಂದಿಯಲ್ಲಿ ಹಣ ಸಂದದ್ದು 8 ಮಂದಿಗೆ. ಕೋರ್ಟಿನ ಮೆಟ್ಟಿಲು ಹತ್ತಿದ ಎಂಟು ಮಂದಿಗೆ. ನಲವತ್ತು ವರ್ಷದ ಮಗನನ್ನು ಎತ್ತಿ ಸ್ನಾನ ಮಾಡಿಸುವ ಎಪ್ಪತ್ತರ ತಾಯಿ ಯಾರ ಕಾದಂಬರಿಯ ಕತ್ತಲೆಯೂ ಅಲ್ಲ. ಆಕೆಗೆ ಬೇಕಾದದ್ದು ಬೆನ್ನುನೋವಿಗೆ ಎಣ್ಣೆ, ತಿಂಗಳಿಗೆ ಸರಿಯಾಗಿ ಬರುವ ಪಿಂಚಣಿ. ತಾನು ಸತ್ತ ಮೇಲೆ ಇವನನ್ನು ಎತ್ತುವವರು ಯಾರು ಎಂಬ ಪ್ರಶ್ನೆಗೆ ಮೂರು ಚುಕ್ಕಿ ಉತ್ತರವಾಗುವುದಿಲ್ಲ. ಇದನ್ನು ಬರೆದೂ ಬರೆದೂ ನನಗೂ ಸಾಕಾಗಿದೆ. ಬರೆಯುವಾಗ ತಮಾಷೆ ಹೊಳೆಯುವುದಿಲ್ಲ.

ಕರೆದುಕೊಂಡು ಹೋಗಲಿಲ್ಲ. ಮಳೆಯ ನೆಪ ಹೇಳಿ ಮಂಗಳೂರು ಬಸ್ಸು ಹತ್ತಿಸಿದೆ. ತಲಪಾಡಿ ದಾಟುತ್ತಲೇ ಅವರಿಗೆ ಗಡಿಯ ತಲ್ಲಣವಾಯಿತಂತೆ. ಅಲ್ಲಿ ರಸ್ತೆಯ ಗುಂಡಿಗಳೂ ಇವೆ.

ನಿನ್ನೆ ಸಂದೇಶ ಕಳಿಸಿದ್ದಾರೆ. ಮೊದಲ ಕರಡು ಮುಗಿಯಿತಂತೆ, ನಾಯಕನ ಕೈಗಳು ನೀಲಿಯಂತೆ. ಕತ್ತಲೆಗೆ ನಿಮ್ಮ ಕಡೆ ಬೇರೆ ಪದವೇನಾದರೂ ಇದೆಯೇ ಎಂದು ಕೇಳಿದ್ದಾರೆ. ಮರ ಬಿದ್ದು ಕರೆಂಟು ಹೋಗಿ ಇಲ್ಲಿಗೆ ಎರಡು ದಿನ. ಮೊಬೈಲಿನಲ್ಲಿ ಉಳಿದಿರುವ ಚಾರ್ಜು ಲೈನ್‌ಮ್ಯಾನಿಗೆ ಫೋನ್ ಮಾಡಲು ಬೇಕು.