ಎರಡನೇ ಅತಿ ಹೆಚ್ಚು ಸಂಬಳ

ಇಂಟರ್‌ವ್ಯೂಗೆ ಮನೆಯಲ್ಲಿ ಕೂತು ತಯಾರಿ ಮಾಡಬಾರದು. ಮಾಡಲೇಬೇಕಾದರೆ ಅಡಕೆ ಸುಲಿಯುವ ಸಮಯದಲ್ಲಂತೂ ಬೇಡವೇ ಬೇಡ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಜಗಲಿಯ ಒಂದು ತುದಿಯಲ್ಲಿ ಸುಲಿಯುವ ಮಿಷನ್ನು, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ಹಿಡಿದ ನಾನು. ಎರಡೂ ಕಡೆ ಸಿಪ್ಪೆಯೇ ಜಾಸ್ತಿ ಬರುತ್ತಿತ್ತು.

ನಾನು ಅರ್ಜಿ ಹಾಕಿದ್ದು ಎರಡು ತರದ ಕೆಲಸಕ್ಕೆ. ಒಂದು ಡೇಟಾ ಅನಾಲಿಸ್ಟ್, ಇನ್ನೊಂದು ಸಾಫ್ಟ್‌ವೇರ್ ಪ್ರೀಸೇಲ್ಸ್. ಮೊದಲನೆಯದು ಏನಂತ ಮನೆಯವರು ಕೇಳಿದರೆ "ಲೆಕ್ಕ ನೋಡುವುದು" ಅಂದರೆ ಮುಗಿಯಿತು. ಎರಡನೆಯದು ಹಾಗಲ್ಲ. ಸಾಫ್ಟ್‌ವೇರ್ ಮಾಡುವವರು ಬೇರೆ, ಮಾರುವವರು ಬೇರೆ. ನಡುವೆ ಒಬ್ಬ ನಿಂತು ಗಿರಾಕಿಯ ತೊಂದರೆ ಕೇಳಬೇಕು, ಡೆಮೋ ತೋರಿಸಬೇಕು, ಅವರು ಕಳಿಸುವ ಉದ್ದದ ಪ್ರಶ್ನೆಪಟ್ಟಿಗೆ ಉತ್ತರ ಬರೆಯಬೇಕು.

"ಅಂದರೆ ಮದುವೆ ಬ್ರೋಕರಾ?" ಅಮ್ಮ ಕೇಳಿದರು.

"ಸುಮಾರಿಗೆ ಹಾಗೆಯೇ" ಅಂದೆ. ಸುಮ್ನೆ ಯಾಕೆ ಚರ್ಚೆ.

ಅನಾಲಿಸ್ಟ್ ಕೆಲಸಕ್ಕೆ ಎಸ್‌ಕ್ಯೂಎಲ್ ಬೇಕೇ ಬೇಕು, ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ ಅದು. ಅದರಲ್ಲಿ ಎಲ್ಲರೂ ಕೇಳುವ ಒಂದು ಪ್ರಶ್ನೆ ಉಂಟು: ಕಂಪನಿಯಲ್ಲಿ ಎರಡನೇ ಅತಿ ಹೆಚ್ಚು ಸಂಬಳ ಎಷ್ಟು? ದೊಡ್ಡದರಿಂದ ಸಣ್ಣದಕ್ಕೆ ಸಾಲು ಮಾಡಿ ಎರಡನೇ ಸಾಲನ್ನು ಎತ್ತಿ ಕೊಟ್ಟರೆ, ಮೊದಲ ಸ್ಥಾನದಲ್ಲಿ ಇಬ್ಬರಿದ್ದಾಗ ಉತ್ತರ ತಪ್ಪುತ್ತದೆ. ರ‍್ಯಾಂಕ್ ಹಾಕಿದರೆ ಒಂದು, ಒಂದು, ಮೂರು ಅಂತ ಬಂದು ಎರಡೇ ಮಾಯ. ಡೆನ್ಸ್ ರ‍್ಯಾಂಕ್ ಹಾಕಬೇಕು. ಅದು ಒಂದು, ಒಂದು, ಎರಡು ಅಂತ ಬಿಡದೆ ಎಣಿಸುತ್ತದೆ. ಇದನ್ನು ನಾನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಾಗ ಅಮ್ಮ ಒಳಗಿಂದ, "ಎರಡನೇದು ಯಾಕೆ? ದೊಡ್ಡ ಸಂಬಳವನ್ನೇ ಕೇಳು" ಅಂದರು. ಈ ಪ್ರಶ್ನೆ ಕೇಳುವ ಯಾರಿಗೂ ಇದು ಯಾಕೆ ಹೊಳೆಯಲಿಲ್ಲವೋ!

ಮುಂದೆ ಪ್ರಾಜೆಕ್ಟ್. ಎಲ್ಲರ ರೆಸ್ಯೂಮಿನಲ್ಲೂ ಟೈಟಾನಿಕ್ ಪ್ರಯಾಣಿಕರ ಪಟ್ಟಿ ಇರುತ್ತದೆ, ಯಾರು ಬದುಕಿದರು, ಯಾರು ಇಲ್ಲ ಅಂತ. ಆ ಹಡಗು 1912ರಲ್ಲಿ ಒಮ್ಮೆ ಮುಳುಗಿತು. ಹೊಸ ಅನಾಲಿಸ್ಟ್‌ಗಳು ಅದನ್ನು ಇವತ್ತಿಗೂ ದಿನಾ ಮುಳುಗಿಸುತ್ತಿದ್ದಾರೆ. ನನಗೆ ಅದು ಬೇಡವೆನಿಸಿತು. ಅಪ್ಪನ ಅಡಕೆ ಲೆಕ್ಕದ ಪುಸ್ತಕವನ್ನೇ ಎಕ್ಸೆಲ್‌ಗೆ ಹಾಕಲು ಹೊರಟೆ.

ಡೇಟಾ ಕ್ಲೀನಿಂಗ್ ಅಂದರೆ ಏನು ಅಂತ ಗೊತ್ತಾಗಿದ್ದು ಆಗಲೇ. ಹೊಸ ಅಡಕೆ, ಹಳೆ ಅಡಕೆ, ಪಟೋರ, ಕರಿಗೋಟು ಎಲ್ಲ ಬೇರೆ ಬೇರೆ ಬರೆದಿದ್ದರು, ಅದರಲ್ಲಿ ತಕರಾರಿಲ್ಲ. ತೂಕ ಮಾತ್ರ ಕೆಲವು ಕಡೆ ಕಿಲೋ, ಕೆಲವು ಕಡೆ ಗೋಣಿ. ತಾರೀಕಿನ ಜಾಗದಲ್ಲಿ "ಕುಂಬಳೆ ಬೆಡಿಯ ಮರುದಿನ", "ಪತ್ತನಾಜೆ ಕಳೆದ ಸೋಮವಾರ". ಬೆಡಿ ಅಂದರೆ ಕುಂಬಳೆ ಜಾತ್ರೆಯ ಸುಡುಮದ್ದು, ಪತ್ತನಾಜೆ ಅಂದರೆ ತುಳು ತಿಂಗಳು ಬೇಶದ ಹತ್ತು, ಮೇ 24-25ರ ಹೊತ್ತಿಗೆ ಬರುತ್ತದೆ ಅಂತ ನಮಗೆ ಗೊತ್ತು. ಎಕ್ಸೆಲ್‌ಗೆ ಹೇಳುವವರು ಯಾರು?

ಟೈಪ್ ಮಾಡಿಕೊಟ್ಟದ್ದು ತಂಗಿ. ದರ ಬರೆಯದೆ ಖಾಲಿ ಬಿಟ್ಟ ಕಡೆಗೆಲ್ಲ ಅವಳು ನೀಟಾಗಿ ಸೊನ್ನೆ ಹಾಕಿದ್ದಳು. ಸರಾಸರಿ ದರ ಪಾತಾಳಕ್ಕೆ ಹೋಯಿತು. ಅಪ್ಪ ಕನ್ನಡಕ ಏರಿಸಿ ಸ್ಕ್ರೀನ್ ನೋಡಿದರು.

"ಇದೆಂತ ಸೊನ್ನೆ? ನಾನು ಅಡಕೆ ಧರ್ಮಕ್ಕೆ ಕೊಟ್ಟದ್ದಾ?"

"ಮತ್ತೆ ಖಾಲಿ ಉಂಟಲ್ಲ ಅಪ್ಪ?"

"ಅಂಗಡಿಯಲ್ಲಿ ಇಟ್ಟು ಬಂದದ್ದು. ದರ ಆಮೇಲೆ ಮಾಡಿದ್ದು."

ನಲ್ (ಖಾಲಿ ಬಿಟ್ಟದ್ದು) ಬೇರೆ, ಸೊನ್ನೆ ಬೇರೆ ಅಂತ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಹೇಳುತ್ತಾರೆ. ಎಸ್‌ಕ್ಯೂಎಲ್ ಸರಾಸರಿ ತೆಗೆಯುವಾಗ ನಲ್ ಇರುವ ಸಾಲನ್ನು ಬಿಟ್ಟೇ ಬಿಡುತ್ತದೆ, ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅಪ್ಪ ಧರ್ಮದ ವಿಚಾರ ಎತ್ತಿ ಅರ್ಧ ನಿಮಿಷದಲ್ಲಿ ಮುಗಿಸಿದರು.

ಪ್ರೀಸೇಲ್ಸ್ ಪಾಠ ಸಿಕ್ಕಿದ್ದು ತೋಟದಲ್ಲಿ. ಮಳೆ ಹಿಡಿಯುವ ಮೊದಲು ಅಡಕೆಯ ಕೊಳೆರೋಗ ಮಹಾಳಿಗೆ ಮದ್ದು ಬಿಡಬೇಕಲ್ಲ? ಮರ ಹತ್ತುವವರು ಸಿಗುವುದಿಲ್ಲ ಅಂತ ಈಗ ಎಲ್ಲರೂ ಕಾರ್ಬನ್ ಫೈಬರ್ ದೋಟಿಯ (ಉದ್ದದ ಕೋಲಿನ) ಹಿಂದೆ ಬಿದ್ದಿದ್ದಾರೆ. ನೆಲದಲ್ಲೇ ನಿಂತು ಮದ್ದು ಬಿಡಬಹುದು, ಗೊನೆಯನ್ನೂ ಕೊಯ್ಯಬಹುದು. ಅದನ್ನು ಮಾರುವ ಹುಡುಗ ಒಂದು ದಿನ ಡೆಮೋಗೆ ಬಂದ. ಬಿಳಿ ಅಂಗಿ, ಬಾಯಿ ತುಂಬ ನಗು. ಅಂಗಳದ ಬದಿಯ ಗಿಡ್ಡ ಮರಕ್ಕೆ ದೋಟಿ ಎತ್ತಿ ಬರೇ ನೀರು ಬಿಟ್ಟು ತೋರಿಸಿದ. ಗೊನೆ ಮಿಂದೆದ್ದಿತು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

"ಆಚೆ ಬನ್ನಿ" ಅಂದರು ಅಪ್ಪ. ತೋಡಿನ ಬದಿಗೆ, ಅಜ್ಜ ನೆಟ್ಟ ಮರಗಳ ಹತ್ತಿರ ಕರೆದುಕೊಂಡು ಹೋದರು. ಅದರ ತಲೆ ನೋಡಬೇಕಾದರೆ ಟೊಪ್ಪಿ ಕೆಳಗೆ ಬೀಳುತ್ತದೆ. ಹುಡುಗ ದೋಟಿಯ ತುಂಡುಗಳನ್ನು ಒಂದೊಂದೇ ಎಳೆದ. ದೋಟಿ ಬಾಗಿತು, ಅವನ ಕಾಲು ನಡುಗಿತು. ನೀರು ಗೊನೆಯ ಅಡಿವರೆಗೆ ಹೋಗಿ, ಯೋಚನೆ ಮಾಡಿ, ತಿರುಗಿ ಅವನ ಬಿಳಿ ಅಂಗಿಗೇ ಬಂತು.

"ಮುಂದಿನ ಮಾಡೆಲ್‌ನಲ್ಲಿ ಇನ್ನೊಂದು ತುಂಡು ಜಾಸ್ತಿ ಬರ್ತದೆ ಭಟ್ರೇ."

ಅಯ್ಯೋ, ಇದು ನಾನು ಹಿಂದಿನ ರಾತ್ರಿಯೇ ಓದಿದ್ದು! ಗಿರಾಕಿ ಕೇಳಿದ್ದು ನಮ್ಮ ಸಾಫ್ಟ್‌ವೇರಿನಲ್ಲಿ ಇಲ್ಲದಿದ್ದರೆ "ರೋಡ್‌ಮ್ಯಾಪ್‌ನಲ್ಲಿ ಉಂಟು" ಅನ್ನುತ್ತಾರೆ. ತೋರಿಸುವ ಮೊದಲು ಕೇಳು, ಅದಕ್ಕೆ ಡಿಸ್ಕವರಿ ಅಂತ ಹೆಸರು. ಹುಡುಗ ಮರ ಎಷ್ಟು ಎತ್ತರ ಅಂತ ಕೇಳಿರಲಿಲ್ಲ. ಇನ್ನು ಪಿಒಸಿ ಅಂದರೆ ಗಿರಾಕಿ ತನ್ನದೇ ಡೇಟಾ ಕೊಟ್ಟು ಪರೀಕ್ಷೆ ಮಾಡುವುದು. ಕೊಡುವಾಗ ಅತಿ ಕಷ್ಟದ್ದನ್ನೇ ಹುಡುಕಿ ಕೊಡುತ್ತಾರೆ. ಅಪ್ಪ ಯಾವ ಕೋರ್ಸೂ ಮಾಡದೆ ಅದನ್ನೇ ಮಾಡಿದ್ದರು. ನಾನು ಜಗಲಿಗೆ ಓಡಿ ಎಲ್ಲ ಬರೆದುಕೊಂಡೆ.

ಇಂಟರ್‌ವ್ಯೂ ದಿನ ಮಿಷನ್ ನಿಲ್ಲಿಸಿದ್ದರು. ಸಿಗ್ನಲ್ ಮಾಳಿಗೆಯ ಪಡುವಣ ಕಿಟಕಿಯಲ್ಲಿ ಮಾತ್ರ. ಹಿಂದೆ ಅಡಕೆ ಗೋಣಿ ಕಾಣದ ಹಾಗೆ ವರ್ಚುವಲ್ ಬ್ಯಾಕ್‌ಗ್ರೌಂಡ್ ಹಾಕಿದೆ. ಅದು ಗೋಣಿಯನ್ನು ಬಿಟ್ಟು ನನ್ನ ಎಡಗಿವಿಯನ್ನು ಮುಚ್ಚಿತು.

ಎದುರು ಇಬ್ಬರು. ಒಬ್ಬರು ಟೆಕ್ನಿಕಲ್ ಮೇಡಂ, ಇನ್ನೊಬ್ಬರು ಸೇಲ್ಸ್ ಸಾಹೇಬರು. ಸಾಹೇಬರು ರೆಸ್ಯೂಮಿನಲ್ಲಿ ಕೇರಳ ನೋಡಿ ಖುಷಿಯಿಂದ ಮಲಯಾಳದಲ್ಲಿ ಶುರು ಮಾಡಿದರು. ನನ್ನ ಕಾಸರಗೋಡು ಮಲಯಾಳ ಕೇಳಿ ಮೆಲ್ಲಗೆ ಇಂಗ್ಲಿಷಿಗೆ ಇಳಿದರು. ಮನೆಮಾತು ಕನ್ನಡ ಅಂದಾಗ ಮೇಡಂ, "ಕೇರಳದವರಾಗಿ ಕನ್ನಡ ಎಲ್ಲಿ ಕಲಿತಿರಿ?" ಅಂದರು. ಅವರು ಬೆಂಗಳೂರಿನವರು. 1956ರ ನವೆಂಬರ್ 1ಕ್ಕೆ ರಾಜ್ಯದ ಗಡಿ ಬದಲಾಯಿತು, ನಮ್ಮ ಅಜ್ಜನ ಬಾಯಿ ಬದಲಾಗಲಿಲ್ಲ ಅಂತ ಹೇಳಿದೆ. ತಿರುವನಂತಪುರಕ್ಕೆ ಹೋದರೆ ನಾವು ಕನ್ನಡದವರು, ಬೆಂಗಳೂರಿಗೆ ಬಂದರೆ ಮಲಯಾಳಿಗಳು. ಯಾವ ಟೇಬಲ್‌ಗೆ ಜಾಯಿನ್ ಮಾಡಿದರೂ ನಮ್ಮ ಸಾಲು ಮ್ಯಾಚ್ ಆಗುವುದಿಲ್ಲ.

"ಪ್ರಾಜೆಕ್ಟಿನಲ್ಲಿ ಮಿಸ್ಸಿಂಗ್ ವ್ಯಾಲ್ಯೂ ಹೇಗೆ ತುಂಬಿಸಿದಿರಿ?"

"ಅಪ್ಪನನ್ನು ಕೇಳಿದೆ ಮೇಡಂ."

"ಅವರಿಗೆ ನೆನಪಿಲ್ಲದಿದ್ದರೆ?"

"ಅಮ್ಮನಿಗೆ ಇರ್ತದೆ."

ಮೇಡಂ ಏನೋ ಬರೆದುಕೊಂಡರು. ಡೆಮೋ ಬಗ್ಗೆ ಕೇಳಿದಾಗ ದೋಟಿಯ ಕಥೆ ಹೇಳಿದೆ. ಸಾಹೇಬರು ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ಕೊನೆಗೆ ನಿಮ್ಮ ತಂದೆ ಅದನ್ನು ತಗೊಂಡರಾ?"

"ಇಲ್ಲ ಸರ್. ಬರುವ ವರ್ಷ ನೋಡುವ ಅಂದಿದ್ದಾರೆ."

"ನೋಡಿ, ಅಂದರೆ ಡೀಲ್ ಇನ್ನೂ ಓಪನ್!" ಅಂದರು ಸಾಹೇಬರು. "ಮಳೆ ಬಿಟ್ಟ ಮೇಲೆ ಒಂದು ಫೋನ್ ಹಾಕಲಿಕ್ಕೆ ಹೇಳಿ ಆ ಹುಡುಗನಿಗೆ."