ಮೂಳೆ ಕೂಡಿತು ಅಂದರು, ಮಗನನ್ನು ಯಾರೂ ಕೇಳಲಿಲ್ಲ

ಹೋದ ವರ್ಷ ಮಳೆಗಾಲದಲ್ಲಿ ಮಗನನ್ನು ಶಾಲೆಗೆ ಬಿಡಲು ಹೋಗುವಾಗ ಸ್ಕೂಟರ್ ಜಾರಿ ಇಬ್ಬರೂ ಬಿದ್ದೆವು. ಓಡಿಸುತ್ತಿದ್ದವನು ನಾನೇ. ನನಗೆ ಮೊಣಕಾಲು ತರಚಿತು, ಅಷ್ಟೇ. ಎಂಟು ವರ್ಷದ ಅವನಿಗೆ ಮುಂಗೈ ಮೂಳೆ ಮುರಿಯಿತು. ಐದು ವಾರ ಪ್ಲಾಸ್ಟರ್. ಬಿಚ್ಚಿದ ದಿನ ಡಾಕ್ಟರು ಎಕ್ಸ್‌ರೇ ನೋಡಿ, ಚೆನ್ನಾಗಿ ಕೂಡಿದೆ, ಇನ್ನು ಆಟ ಆಡಬಹುದು ಅಂದರು.

ಅಷ್ಟರಲ್ಲಾಗಲೇ ಅವನು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದ್ದ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಹಾರ್ನ್ ಕೇಳಿದರೆ ನನ್ನ ಅಂಗಿ ಹಿಡಿದುಕೊಳ್ಳುತ್ತಿದ್ದ. ಶಾಲೆ ತಪ್ಪಿಸೋಕೆ ನಾಟಕ ಅಂದುಕೊಂಡು ಒಂದೆರಡು ಸಲ ಗದರಿದೆ ಕೂಡ. ಮೊದಲು ಗುರುತಿಸಿದ್ದು ನಮ್ಮಮ್ಮ. "ಮಗು ಬೆದರಿದೆ ಕಣೋ, ನಿದ್ದೇಲಿ ಬೆಚ್ಚಿ ಬೀಳ್ತಿದೆ" ಅಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಾನು ನಕ್ಕೆ.

ಕೊನೆಗೆ ಮನೋವೈದ್ಯರ ಹತ್ತಿರ ಹೋದಾಗ ಅವರು ನಮ್ಮನ್ನು ಹೊರಗೆ ಕೂರಿಸಿ ಅವನೊಬ್ಬನನ್ನೇ ಮಾತಾಡಿಸಿದರು. ಬಿದ್ದಿದ್ದು ದಿನಾ ಕಣ್ಣ ಮುಂದೆ ಬರುತ್ತಿತ್ತಂತೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂದರೆ, ಅಪ್ಪನಿಗೆ ಬೇಜಾರಾಗುತ್ತೆ ಅಂತ.

ಆಮೇಲೆ ಇದರ ಬಗ್ಗೆ ಕೂತು ಓದಿದೆ. ಆಸ್ಟ್ರೇಲಿಯಾದವರು 2006ರಲ್ಲೇ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದ್ದಾರೆ. ಅಪಘಾತವಾಗಿ ಎರಡು ವಾರದೊಳಗೆ ಕೇಳುವಂಥದ್ದು, ಉತ್ತರ "ಹೌದು" ಅಥವಾ "ಇಲ್ಲ" ಅಷ್ಟೇ. ಬೇಡ ಅಂದರೂ ಅದೇ ನೆನಪು ಬರುತ್ತಾ, ಕೆಟ್ಟ ಕನಸು ಬೀಳುತ್ತಾ, ನಿದ್ದೆ ಬರಲ್ವಾ, ಸುಮ್ನೆ ಸಿಟ್ಟು ಬರುತ್ತಾ, ಇಂಥವು. ಐದು ಅಥವಾ ಹೆಚ್ಚು ಪ್ರಶ್ನೆಗೆ ಹೌದು ಅಂದರೆ ಆ ಮಗುವಿನ ಮೇಲೆ ಒಂದು ಕಣ್ಣಿಡಬೇಕು. ಉತ್ತರ ಹೇಳಬೇಕಾದದ್ದು ಮಗು, ನಾವಲ್ಲ. ಅಮೆರಿಕದ ಫಿಲಡೆಲ್ಫಿಯಾದವರದ್ದು 2003ರದು ಇನ್ನೊಂದಿದೆ. ಅದರಲ್ಲಿ ಕ್ಯಾಶುವಾಲ್ಟಿಗೆ ಬಂದಾಗಿನ ನಾಡಿಬಡಿತವೂ ಲೆಕ್ಕಕ್ಕೆ ಬರುತ್ತದೆ. ಸತ್ತೇ ಹೋಗ್ತೀನಿ ಅನ್ನಿಸಿತ್ತಾ, ಅಪ್ಪ ಅಮ್ಮ ಎಲ್ಲಿದ್ದಾರೆ ಅಂತ ಗೊತ್ತಾಗದ ಹೊತ್ತು ಇತ್ತಾ ಅಂತ ಮಗುವನ್ನೇ ಕೇಳುತ್ತಾರೆ. ಗಾಯ ಸಣ್ಣದು ಅಂದಮಾತ್ರಕ್ಕೆ ಭಯ ಸಣ್ಣದಲ್ಲ, ಅಲ್ವಾ?

ನನ್ನ ಸಿಟ್ಟು ಇಷ್ಟೇ. ಹೊಲಿಗೆ ಬಿಚ್ಚಿಸೋಕೆ, ಪ್ಲಾಸ್ಟರ್ ತೋರಿಸೋಕೆ ನಾವು ಹೇಗೂ ಆಸ್ಪತ್ರೆಗೆ ಹೋಗಿಯೇ ಹೋಗುತ್ತೇವೆ, ಟೋಕನ್ ಹಿಡಿದು ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರುತ್ತೇವೆ, ಆ ಹೊತ್ತಿನಲ್ಲಿ ಒಬ್ಬ ನರ್ಸ್ ಮಗುವನ್ನು ಪಕ್ಕಕ್ಕೆ ಕರೆದು ಆಡುಮಾತಿನಲ್ಲಿ ಈ ಹತ್ತು ಪ್ರಶ್ನೆ ಕೇಳಿದರೆ ಐದು ನಿಮಿಷ ಹಿಡಿಯಬಹುದು.

ಹಾಗೆ ಕೇಳಿದರೆ ಎಲ್ಲ ಮಕ್ಕಳಿಗೂ ಕಾಯಿಲೆಯ ಹಣೆಪಟ್ಟಿ ಅಂಟಿಸ್ತಾರೆ ಅಂತ ಗೆಳೆಯನೊಬ್ಬ ಅಂದ. ಇಲ್ಲ. ಮೊದಲ ಕೆಲವು ವಾರ ಹೆದರಿಕೆ ಇರೋದು ಸಹಜ, ಹೆಚ್ಚಿನ ಮಕ್ಕಳು ತಾವಾಗೇ ಸುಧಾರಿಸುತ್ತಾರೆ. ತಿಂಗಳು ದಾಟಿದರೂ ಬಿಡದೆ ಕಾಡಿದರೆ ಮಾತ್ರ ಪಿಟಿಎಸ್‌ಡಿಯ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯ ಮಾತು. ಈ ಪಟ್ಟಿ ಯಾರನ್ನು ಮತ್ತೆ ಕರೆಸಿ ನೋಡಬೇಕು ಅಂತಷ್ಟೇ ಹೇಳುತ್ತದೆ. ಇನ್ನೊಂದು, ಕೇಳೋದು ಬೇರೆ, ಕೆದಕೋದು ಬೇರೆ. ಮೂಸಂಬಿ ಹಿಡಿದು ಬಂದ ನೆಂಟರೆಲ್ಲ "ಹೆಂಗ್ ಬಿದ್ದೆ ಪುಟ್ಟ, ಹೇಳು ಹೇಳು" ಅಂತ ಅವನ ಬಾಯಿ ಬಿಡಿಸುತ್ತಿದ್ದರಲ್ಲ, ಅದನ್ನು ನಾನು ಅವತ್ತೇ ತಡೆಯಬೇಕಿತ್ತು.

ಗುರುತಿಸಿದ ಮೇಲೆ ಎಲ್ಲಿಗೆ ಕಳಿಸೋದು ಅನ್ನೋದು ನಿಜವಾದ ಪ್ರಶ್ನೆ. ಹಳ್ಳಿಯವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಎಷ್ಟು ಸಲ ಬರೋಕಾಗುತ್ತೆ? ಆದರೆ ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಸಿಗಲಿ ಅಂತ ಇರುವ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದೇ ನಮ್ಮ ಬಳ್ಳಾರಿ, 1980ರ ದಶಕದಲ್ಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ, ಕನ್ನಡದಲ್ಲೇ ಮಾತಾಡಬಹುದು. ನನಗೆ ಆ ನಂಬರನ್ನು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ.

ಈಗ ಅವನು ಸ್ಕೂಟರ್ ಹತ್ತುತ್ತಾನೆ. ವಾಸಿಯಾಗಿದ್ದು ತಾನು ನಿವಾಳಿಸಿದ್ದರಿಂದಲೇ ಅಂತ ಅಮ್ಮ ಇನ್ನೂ ಹೇಳುತ್ತಾರೆ. ನಾನು ವಾದಕ್ಕೆ ಹೋಗಿಲ್ಲ, ಮೊದಲು ನೋಡಿದ್ದು ಅವರೇ ತಾನೇ.