ಸತ್ಯಾಂಶ: ಎದುರಿನ ಟವರ್ ಕಣ್ಣಿಗೆ ಕಂಡರೆ ಸಾಕಾ?

‘ಆಚೆ ತುದಿಯ ಟವರ್ ಕಂಡರೆ ವೈರ್‌ಲೆಸ್ ಲಿಂಕ್ ಪಕ್ಕಾ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ನಿಜ, ಅಷ್ಟೇ.

ರೇಡಿಯೋ ಅಲೆ ದಾರ ಎಳೆದ ಹಾಗೆ ಹೋಗುವುದಿಲ್ಲ. ಸೌತೆಕಾಯಿಯಂತೆ ನಡುವೆ ಉಬ್ಬಿದ ಜಾಗ ಅದಕ್ಕೆ ಬೇಕು. ಇದೇ ಫ್ರೆನೆಲ್ ವಲಯ. ಟವರ್‌ಗಳ ನಡುವೆ 20 ಕಿ.ಮೀ. ದೂರ, ಅಲೆಯ ಫ್ರೀಕ್ವೆನ್ಸಿ 5.8 ಗಿಗಾಹರ್ಟ್ಸ್ ಅಂದುಕೊಳ್ಳಿ. ನಟ್ಟನಡುವೆ ಇದರ ತ್ರಿಜ್ಯ ಸುಮಾರು 16 ಮೀಟರ್. ಅದರಲ್ಲಿ ಶೇ. 60, ಅಂದರೆ ಹತ್ತಿರಹತ್ತಿರ 10 ಮೀಟರ್ ಖಾಲಿ ಇರಬೇಕು. ಗಾಳಿಯಲ್ಲಿ ಅಲೆ ತುಸು ಬಾಗುವುದನ್ನು ಲೆಕ್ಕ ಹಿಡಿದರೂ, ಭೂಮಿಯೇ ಅಲ್ಲಿ ಸುಮಾರು 6 ಮೀಟರ್ ಉಬ್ಬಿರುತ್ತದೆ. ಇದನ್ನು ಮರೆಯುವವರೇ ಜಾಸ್ತಿ.

ಮಧ್ಯದ ತೋಪು ಎರಡು ಆಂಟೆನಾಗಳ ನಡುವಿನ ನೇರ ಗೆರೆಗಿಂತ 3 ಮೀಟರ್ ಕೆಳಗಿದ್ದರೆ ಟವರ್ ಚೆನ್ನಾಗೇ ಕಾಣುತ್ತದೆ, ಸಿಗ್ನಲ್ ಮಾತ್ರ ಸೊರಗುತ್ತದೆ. ಸುಮ್ನೆ ಪವರ್ ಏರಿಸುವ ಬದಲು ಆಂಟೆನಾ ಎತ್ತರಿಸಿ. ಮರ ಬೆಳೆಯುತ್ತಲೇ ಇರುತ್ತದೆ ಅಲ್ವಾ, ಅದಕ್ಕೂ ಒಂದಿಷ್ಟು ಜಾಗ ಬಿಡಿ.